ಬೇರೆ ಮಾತ್ರೆ ಏನಾದರೂ ತಗೊಳ್ತೀರಾ?

ತಪ್ಪು ನಂಬರ್ ಕಂಡರೆ ನನಗೆ ಅಷ್ಟು ಭಯ ಆಗುವುದಿಲ್ಲ. ಖಾಲಿ ಜಾಗ ಕಂಡರೆ ಆಗುತ್ತದೆ. ಹೋದ ತಿಂಗಳು 62 ಕೆಜಿ ಇದ್ದವರು ಈ ತಿಂಗಳು 26 ಕೆಜಿ ಅಂತ ಬಂದರೆ, ಅಂಕಿ ಉಲ್ಟಾ ಬಿದ್ದಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕಂಪ್ಯೂಟರೇ ಹಿಡಿದು ತೋರಿಸುತ್ತದೆ. ತೂಕದ ಜಾಗವೇ ಖಾಲಿ ಇದ್ದರೆ? ಅವತ್ತು ತೂಕದ ಮೆಷಿನ್ ಕೆಟ್ಟಿತ್ತೋ, ನರ್ಸ್ ಬರೆಯೋದು ಮರೆತರೋ, ರೋಗಿಗೆ ಎದ್ದು ನಿಲ್ಲುವ ಶಕ್ತಿಯೇ ಇರಲಿಲ್ಲವೋ, ಇಲ್ಲಿ ಕೂತ ನನಗೆ ಹೇಗೆ ಗೊತ್ತಾಗಬೇಕು?

ನಾನು ಕ್ಲಿನಿಕಲ್ ಟ್ರಯಲ್‌ಗಳ ಡೇಟಾ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮೊದಲು ಬೆಂಗಳೂರಿನಲ್ಲಿದ್ದೆ, ಈಗ ಹಾಸನದಲ್ಲಿ ಮನೆಯಿಂದಲೇ ಮಾಡುತ್ತೇನೆ. ಹೊಸ ಔಷಧಿಯೊಂದನ್ನು ಜನರಿಗೆ ಕೊಟ್ಟು ನೋಡುವಾಗ, ಪ್ರತಿ ಸಲ ಅವರು ಆಸ್ಪತ್ರೆಗೆ ಬಂದಾಗಲೂ ಬಿಪಿ, ರಕ್ತದ ರಿಪೋರ್ಟ್, ಇಸಿಜಿ, ಏನು ತೊಂದರೆ ಆಯಿತು, ಬೇರೆ ಏನು ಮಾತ್ರೆ ತಗೊಂಡರು, ಎಲ್ಲವನ್ನೂ ಬರೆದಿಡುತ್ತಾರೆ. ಆಸ್ಪತ್ರೆಯಲ್ಲಿರುವ ಕೋಆರ್ಡಿನೇಟರ್ ಅದನ್ನು ನಮ್ಮ ಸಿಸ್ಟಮ್‌ಗೆ ಹಾಕುತ್ತಾರೆ. ನಾವು ಅದನ್ನು ಒಂದೊಂದಾಗಿ ಹೊಂದಿಸಿ ನೋಡಿ, ಹೊಂದದೇ ಇದ್ದಲ್ಲಿ ಪ್ರಶ್ನೆ ಕಳಿಸುತ್ತೇವೆ. ಅದಕ್ಕೆ ಕ್ವೆರಿ ಅನ್ನುತ್ತೇವೆ. ರೋಗಿಯ ಹೆಸರು ನನಗೆ ಗೊತ್ತಿರುವುದಿಲ್ಲ. ಒಂದು ನಂಬರ್, ವಯಸ್ಸು, ಗಂಡೋ ಹೆಣ್ಣೋ, ಅಷ್ಟೇ. ಎಷ್ಟೋ ಟ್ರಯಲ್‌ಗಳಲ್ಲಿ ಅವರಿಗೆ ಹೊಸ ಔಷಧಿ ಸಿಗುತ್ತಿದೆಯೋ ಇಲ್ಲಾ ಪ್ಲಾಸಿಬೊ ಅನ್ನೋ, ಔಷಧಿಯೇ ಇಲ್ಲದ ಸುಮ್ನೆ ಮಾತ್ರೆಯೋ ಅನ್ನುವುದೂ ಗೊತ್ತಿರುವುದಿಲ್ಲ. ಗೊತ್ತಿರಬಾರದು ಕೂಡ.

ಊರಲ್ಲಿ ಇದನ್ನು ಹೇಳಿದರೆ "ಓ, ಡೇಟಾ ಎಂಟ್ರಿನಾ" ಅನ್ನುತ್ತಾರೆ. ಬೇಜಾರಿಲ್ಲ. ಆದರೆ ಈ ಕೆಲಸಕ್ಕೂ ರೋಗಿಯ ಮೈಗೂ ಸಂಬಂಧವೇ ಇಲ್ಲ ಅಂದುಕೊಳ್ಳುತ್ತಾರಲ್ಲ, ಅದಕ್ಕೋಸ್ಕರ ಇಷ್ಟು ಬರೆಯುತ್ತಿದ್ದೇನೆ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಂಕಿಗಳನ್ನು, ಕಾಯಿಲೆಯನ್ನು ಬದಲಾಯಿಸಿದ್ದೇನೆ, ಆದರೆ ನಡೆದ ರೀತಿ ಇದೇ. ಸಕ್ಕರೆ ಕಾಯಿಲೆಯ ಒಂದು ಟ್ರಯಲ್. ಐವತ್ತು ದಾಟಿದ ಹೆಂಗಸು. ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ಮೊದಲ ಸಲ 0.9. ಮುಂದಿನ ಸಲ 1.1. ಅದರ ಮುಂದಿನ ಸಲ 1.6. ಒಂದೊಂದೇ ರಿಪೋರ್ಟ್ ಕೈಗೆ ಬಂದರೆ ಮೊದಲ ಎರಡರಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಮೂರನ್ನೂ ಸಾಲಾಗಿ ಇಟ್ಟರೆ ಮಾತ್ರ ಏನೋ ನಡೆಯುತ್ತಿದೆ ಅಂತ ಕಾಣುತ್ತದೆ. ಹಾಗೆ ಸಾಲಾಗಿ ಇಟ್ಟು ನೋಡುವುದೇ ನಮ್ಮ ಕೆಲಸ. ಇನ್ನೊಂದು ಪುಟ ತೆರೆದೆ, ಟ್ರಯಲ್ ಔಷಧಿ ಬಿಟ್ಟು ಬೇರೆ ಏನು ತಗೊಳ್ಳುತ್ತಿದ್ದಾರೆ ಅಂತ ಬರೆಯುವ ಪುಟ. ಅಲ್ಲಿ ಬಿಪಿ ಮಾತ್ರೆ ಒಂದಿತ್ತು. ಕೆಳಗೆಲ್ಲಾ ಖಾಲಿ.

ಇಲ್ಲಿ ನಮಗೆ ಒಂದು ಕಟ್ಟುನಿಟ್ಟು ಇದೆ. ಉತ್ತರವನ್ನು ನಾವೇ ಬಾಯಿಗೆ ಹಾಕಬಾರದು. "ನೋವಿನ ಮಾತ್ರೆ ತಗೊಂಡರಾ?" ಅಂತ ಕೇಳುವ ಹಾಗಿಲ್ಲ. ಹಾಗೆ ಕೇಳಿದರೆ ಬೇಗ ಮುಗಿಸೋಣ ಅಂತ "ಹೌದು" ಅಂದುಬಿಡುವವರೂ ಇರುತ್ತಾರೆ. ಅದಕ್ಕೆ "ಈ ಮೂರು ಭೇಟಿಗಳಲ್ಲಿ ಕ್ರಿಯಾಟಿನಿನ್ ಏರಿದೆ, ಈ ಅವಧಿಯಲ್ಲಿ ಬೇರೆ ಔಷಧಿ ಅಥವಾ ತೊಂದರೆ ಇದ್ದಲ್ಲಿ ಪರಿಶೀಲಿಸಿ ದಾಖಲಿಸಿ" ಅಂತ ಕ್ವೆರಿ ಹಾಕಿದೆ. ವೈದ್ಯಕೀಯ ಪರಿಶೀಲನೆ ಮಾಡುವ ಡಾಕ್ಟರಿಗೂ ತಿಳಿಸಿದೆ. ಅಲ್ಲಿಯ ಕೋಆರ್ಡಿನೇಟರ್ ಸುಮ್ಮನೆ "ಬೇರೆ ಔಷಧಿ ಇಲ್ಲ" ಅಂತ ಒತ್ತಿ ಕ್ವೆರಿ ಮುಚ್ಚಬಹುದಿತ್ತು. ಹಾಗೆ ಮಾಡಲಿಲ್ಲ. ಫೋನ್ ಮಾಡಿ ಮಾತಾಡಿಸಿದರು. ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ, ದಿನಕ್ಕೆ ಎರಡು, ವಾರಗಟ್ಟಲೆಯಿಂದ. ಡಾಕ್ಟರ್ ಅದನ್ನು ನಿಲ್ಲಿಸಿದರು, ರಕ್ತ ಮತ್ತೆ ಪರೀಕ್ಷೆ ಮಾಡಿಸಿದರು. ಮುಂದಿನ ರಿಪೋರ್ಟ್‌ಗಳಲ್ಲಿ ಕ್ರಿಯಾಟಿನಿನ್ ಇಳಿಯುತ್ತಾ ಬಂತು.

ಆ ಪುಟ ಖಾಲಿಯೇ ಉಳಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಅವರ ಕಿಡ್ನಿ ಇನ್ನಷ್ಟು ಹಾಳಾಗುತ್ತಿತ್ತು, ಅದು ಮೊದಲನೆಯದು. ಅದರ ಮೇಲೆ, ಅವರಿಗೆ ಹೊಸ ಔಷಧಿ ಸಿಗುತ್ತಿದ್ದರೆ ಕಿಡ್ನಿ ಕೆಟ್ಟ ಅಪವಾದ ಆ ಔಷಧಿಯ ತಲೆ ಮೇಲೆ ಬರುತ್ತಿತ್ತು. ಇಂಥ ನಾಲ್ಕೈದು ಪುಟ ಖಾಲಿ ಉಳಿದರೆ, ಒಳ್ಳೆಯ ಔಷಧಿಗೆ "ಕಿಡ್ನಿ ತೊಂದರೆ ಇರುವವರಿಗೆ ಬೇಡ" ಅನ್ನುವ ಎಚ್ಚರಿಕೆ ಅಂಟಿಕೊಂಡು, ಅದು ಯಾರಿಗೆ ಬೇಕೋ ಅವರಿಗೇ ಸಿಗದೆ ಹೋಗಬಹುದು. ಉಲ್ಟಾ ಕೂಡ ಆಗಬಹುದು. ಔಷಧಿಯಿಂದಲೇ ಆದ ತೊಂದರೆಯನ್ನು ಮಂಡಿ ಮಾತ್ರೆಯ ಲೆಕ್ಕಕ್ಕೆ ಬರೆದು ಸುಮ್ಮನಾಗಿಬಿಡಬಹುದು.

ನಮ್ಮ ದೊಡ್ಡಮ್ಮ ಮಾಡುವುದೂ ಇದನ್ನೇ. ಅವರು ಯಾವ ಟ್ರಯಲ್‌ನಲ್ಲೂ ಇಲ್ಲ, ಬಿಪಿಗೆ, ಶುಗರ್‌ಗೆ ತೋರಿಸಿಕೊಳ್ಳುತ್ತಾರೆ ಅಷ್ಟೇ. ಡಾಕ್ಟರ್ "ಬೇರೆ ಮಾತ್ರೆ ಏನಾದರೂ ತಗೊಳ್ತೀರಾ?" ಅಂತ ಕೇಳಿದರೆ "ಇಲ್ಲ ಸಾರ್" ಅನ್ನುತ್ತಾರೆ. ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿದರೆ ಹಾಳೆಯಿಂದ ಕತ್ತರಿಸಿಕೊಟ್ಟ ನಾಲ್ಕು ಮಾತ್ರೆ. "ಇದನ್ನ ಯಾಕ್ ಹೇಳ್ಲಿಲ್ಲ ದೊಡ್ಡಮ್ಮ?" ಅಂದರೆ "ಅದೇನ್ ದೊಡ್ ಮಾತ್ರೆ ಬಿಡಪ್ಪ, ಮೈಕೈ ನೋವಿಂದು, ಮೆಡಿಕಲ್‌ನೋನೇ ಕೊಟ್ಟಿದ್ದು" ಅನ್ನುತ್ತಾರೆ. ಅವರು ಸುಳ್ಳು ಹೇಳಿದ್ದಲ್ಲ. ಡಾಕ್ಟರ್ ಬರೆದುಕೊಟ್ಟಿದ್ದು ಮಾತ್ರ ಮಾತ್ರೆ ಅನ್ನುವ ಲೆಕ್ಕ ಅವರದು. ಕಷಾಯ, ನಾಟಿ ಔಷಧಿ, ಆಯುರ್ವೇದದ ಲೇಹ್ಯ, ಟಿವಿ ನೋಡಿ ತರಿಸಿದ ಪುಡಿ, ಇವಂತೂ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಒಳ್ಳೆಯ ಕೋಆರ್ಡಿನೇಟರ್‌ಗಳು "ಬೇರೆ ಔಷಧಿ ಇದೆಯಾ" ಅಂತ ಕೇಳಿ ಸುಮ್ಮನಾಗುವುದಿಲ್ಲ. ನೋವಾದರೆ ಏನು ಮಾಡ್ತೀರಿ, ನಿದ್ದೆ ಬರದಿದ್ದರೆ ಏನು ಮಾಡ್ತೀರಿ, ಹೊಟ್ಟೆ ಉಬ್ಬರಿಸಿದರೆ ಏನು ಮಾಡ್ತೀರಿ ಅಂತ ಒಂದೊಂದೇ ಕೇಳುತ್ತಾರೆ. ಮಾತ್ರೆ ಚೀಲವನ್ನೇ ತರೋಕೆ ಹೇಳುತ್ತಾರೆ. ನನ್ನ ಪರದೆಯ ಮೇಲೆ ಅವರ ಪುಟಗಳು ಬಂದರೆ ಗೊತ್ತಾಗಿಬಿಡುತ್ತದೆ, ಇವರು ಕೂತು ಮಾತಾಡಿಸಿದ್ದಾರೆ ಅಂತ.

ತಾರೀಖಿನ ವಿಷಯ ಇನ್ನೊಂದು. ತಲೆಸುತ್ತು ಯಾವಾಗ ಶುರುವಾಯಿತು ಅನ್ನುವುದು ನಮಗೆ ಪ್ರಾಣ. ಮೊದಲ ಡೋಸ್‌ಗೆ ಮುಂಚೆ ಶುರುವಾಗಿದ್ದರೆ ಅದು ಹಳೆಯ ಕಾಯಿಲೆ. ಆಮೇಲೆ ಶುರುವಾಗಿದ್ದರೆ ಅದು ಔಷಧಿಯ ಮೇಲೆ ಅನುಮಾನ ಪಡಬೇಕಾದ ತೊಂದರೆ. ಒಂದು ದಿನದ ವ್ಯತ್ಯಾಸದಲ್ಲಿ ಇಡೀ ಲೆಕ್ಕ ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ. ಆದರೆ ನಮ್ಮ ಕಡೆ ಯಾರು ತಾರೀಖು ಹೇಳುತ್ತಾರೆ? "ಹಾಸನಾಂಬೆ ಬಾಗಿಲು ತೆಗೆದಿದ್ರಲ್ಲ, ಆವಾಗ." "ಹೂಮಳೆ ಬಿತ್ತಲ್ಲ, ಅದರ ಮಾರನೇ ವಾರ." "ಪುಷ್ಯ ಮಳೆ ಹಿಡಕೊಂಡಿತ್ತು." ಇದನ್ನು ಕೇಳಿ "ನೆನಪಿಲ್ಲ" ಅಂತ ಬರೆದುಬಿಡುವವರು ಇದ್ದಾರೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ನೆನಪು ಬೇಕಿಲ್ಲ. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆಗೆದು ದೀಪಾವಳಿ ಮುಗಿಯುವಾಗ ಮುಚ್ಚುತ್ತಾರೆ. ಆ ವರ್ಷದ ಕ್ಯಾಲೆಂಡರ್ ತೆಗೆದು "ದರ್ಶನಕ್ಕೆ ಹೋಗೋಕೆ ಮುಂಚೆ ತಲೆಸುತ್ತು ಇತ್ತಾ, ಬಂದಮೇಲಾ?" ಅಂತ ಕೇಳಿದರೆ ತಾರೀಖು ಹತ್ತಿರಕ್ಕೆ ಸಿಕ್ಕೇ ಸಿಗುತ್ತದೆ. ಕೇಳುವವರಿಗೆ ಊರು ಗೊತ್ತಿರಬೇಕು.

ಬರೆದಿದ್ದನ್ನು ತಿದ್ದುವುದಕ್ಕೂ ಒಂದು ಕ್ರಮ ಇದೆ. ಕಾಗದದಲ್ಲಾದರೆ ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಹಳೆಯದು ಓದೋಕೆ ಬರಬೇಕು, ಪಕ್ಕದಲ್ಲಿ ಸಹಿ, ತಾರೀಖು. ವೈಟ್ನರ್ ಹಚ್ಚುವ ಹಾಗಿಲ್ಲ. ಕಂಪ್ಯೂಟರಿನಲ್ಲಾದರೆ ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅನ್ನುವುದು ಹಿಂದುಗಡೆ ಉಳಿದೇ ಇರುತ್ತದೆ. ಇದನ್ನು ಕಿರಿಕಿರಿ ಅಂತ ಬೈಯುವವರು ಜಾಸ್ತಿ. ಬೈಯುವ ಮುಂಚೆ ರೋಫೆಕಾಕ್ಸಿಬ್ ಕಥೆ ಕೇಳಿ.

ಅದೂ ನೋವಿನ ಮಾತ್ರೆಯೇ. ವಯಾಕ್ಸ್ ಅನ್ನುವ ಹೆಸರಿನಲ್ಲಿ 1999ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಹೊಟ್ಟೆಗೆ ತೊಂದರೆ ಕಡಿಮೆ ಅನ್ನುವುದು ಅದರ ಹೆಗ್ಗಳಿಕೆ. ಅದನ್ನು ತೋರಿಸೋಕೆ ಸುಮಾರು 8,000 ಸಂಧಿವಾತದ ರೋಗಿಗಳ ಮೇಲೆ ವಿಗರ್ ಅನ್ನುವ ಟ್ರಯಲ್ ನಡೆಯಿತು, 2000ದ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟ ಆಯಿತು. ಆ ಲೇಖನದಲ್ಲಿ ಈ ಮಾತ್ರೆ ತಗೊಂಡ ಮೂವರಿಗೆ ಆದ ಹೃದಯಾಘಾತ ಇರಲಿಲ್ಲ. ಹೃದಯದ ತೊಂದರೆಗಳನ್ನು ಎಣಿಸುವುದನ್ನು ಹೊಟ್ಟೆಯ ತೊಂದರೆಗಳಿಗಿಂತ ಮುಂಚಿನ ತಾರೀಖಿಗೇ ನಿಲ್ಲಿಸಿದ್ದರು, ಈ ಮೂರು ಅದರಾಚೆ ಬಿದ್ದವು. 2005ರ ಡಿಸೆಂಬರ್‌ನಲ್ಲಿ ಆ ಪತ್ರಿಕೆಯ ಸಂಪಾದಕರು ಇದರ ಬಗ್ಗೆ ತಮ್ಮ ಕಳವಳವನ್ನು ಅಚ್ಚು ಹಾಕಿಸಿದರು. ಅಷ್ಟರಲ್ಲಿ ಇನ್ನೊಂದು ಟ್ರಯಲ್‌ನಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಅಂತ ಕಂಡು 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ಮಾತ್ರೆಯನ್ನು ಜಗತ್ತಿನಾದ್ಯಂತ ವಾಪಸ್ ತಗೊಂಡಿತ್ತು. ನಮ್ಮ ದೇಶದಲ್ಲೂ 2004ರ ಡಿಸೆಂಬರ್‌ನಲ್ಲೇ ಅದನ್ನು ನಿಷೇಧಿಸಿದರು. ಸಾವಿರಾರು ಜನರ ಟ್ರಯಲ್‌ನಲ್ಲಿ ಮೂರು ಸಾಲು ಅಂದರೆ ಎಷ್ಟು ಸಣ್ಣದು ನೋಡಿ. ಆ ಮೂರು ಸಾಲು ಇದ್ದಿದ್ದರೆ, ಹಾರ್ಟ್ ತೊಂದರೆ ಇಲ್ಲದ ರೋಗಿಗೂ ಈ ಮಾತ್ರೆ ಬರೆಯುವ ಮುಂಚೆ ಡಾಕ್ಟರ್‌ಗಳು ಇನ್ನೊಮ್ಮೆ ಯೋಚಿಸಲು ಕಾರಣ ಸಿಗುತ್ತಿತ್ತು.

ತೊಂದರೆಯನ್ನು ಯಾವ ಹೆಸರಲ್ಲಿ ದಾಖಲಿಸುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ಹದಿಹರೆಯದ ಮಕ್ಕಳ ಖಿನ್ನತೆಗೆ ಪ್ಯಾರಾಕ್ಸಿಟಿನ್ ಕೊಟ್ಟು ನೋಡಿದ ಸ್ಟಡಿ 329ರಲ್ಲಿ, ಆತ್ಮಹತ್ಯೆಗೆ ಸಂಬಂಧಪಟ್ಟ ಘಟನೆಗಳನ್ನು "ಭಾವನೆಗಳ ಏರುಪೇರು" ಅನ್ನುವ ಅರ್ಥದ ಕೋಡ್ ಕೆಳಗೆ ಹಾಕಿದ್ದರು. 2001ರ ಲೇಖನ ಔಷಧಿ ಒಳ್ಳೆಯದು ಅಂದಿತು. ಬೇರೆ ಸಂಶೋಧಕರು ಮೂಲ ದಾಖಲೆಗಳನ್ನು ಮತ್ತೆ ತೆಗೆದು ನೋಡಿ 2015ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ, ಉಪಯೋಗವೂ ಕಾಣಲಿಲ್ಲ, ಅಪಾಯ ಮಾತ್ರ ಕಂಡಿತು.

ನನಗೆ ಇದೆಲ್ಲದಕ್ಕಿಂತ ಜಾಸ್ತಿ ಸಂಕಟ ಕೊಡುವುದು ಅರ್ಧಕ್ಕೆ ಬರೋದು ನಿಲ್ಲಿಸಿದವರು. ಪರದೆಯ ಮೇಲೆ ಒಂದು ಭೇಟಿ, ಎರಡು, ಮೂರು, ಆಮೇಲೆ ಏನೂ ಇಲ್ಲ. ಮೂಡಿಗೆರೆ ಕಡೆಯ ತೋಟದಲ್ಲಿ ಕೆಲಸ ಮಾಡುವವರೊಬ್ಬರು ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಟ್ರಯಲ್‌ಗೆ ಸೇರಿದ್ದಾರೆ ಅಂದುಕೊಳ್ಳಿ. ಪ್ರತಿ ಭೇಟಿಗೂ ಹೇಳಿದ ದಿನದಿಂದ ಹಿಂದೆ ಮುಂದೆ ಮೂರು ದಿನ ಅವಕಾಶ. ಜುಲೈನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಹೋಗುವುದು ಹೇಗೆ? ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ಅದಾದ ಮೇಲೆ ರೋಬಸ್ಟಾ, ಜೊತೆಗೆ ಮೆಣಸು. ವರ್ಷದ ದುಡಿಮೆಯೆಲ್ಲಾ ಆ ಮೂರು ನಾಲ್ಕು ತಿಂಗಳಲ್ಲೇ ಇರುತ್ತದೆ. ಬಸ್ ಚಾರ್ಜ್ ಕೊಡುತ್ತಾರೆ, ನಿಜ. ಒಂದು ದಿನದ ಕೂಲಿ ಹೋಗುತ್ತದಲ್ವಾ. ಸಿಸ್ಟಮ್‌ನಲ್ಲಿ ಇಂಥವರ ನಂಬರಿನ ಮುಂದೆ "ಸಂಪರ್ಕ ತಪ್ಪಿದೆ" ಅಂತ ಒಂದು ಸಾಲು ಬೀಳುತ್ತದೆ, ಅಲ್ಲಿಗೆ ಮುಗಿಯಿತು.

ಕೊಯ್ಲಿಗೋಸ್ಕರ ಬರದೇ ಹೋದವರು ಸರಿ. ಆದರೆ ಮಾತ್ರೆ ತಗೊಂಡರೆ ವಾಂತಿ ಬರುತ್ತದೆ ಅಂತ ಬಿಟ್ಟವರು? ಗುಣ ಕಾಣಲಿಲ್ಲ ಅಂತ ಬೇಸತ್ತವರು? ಅವರೂ ಇದೇ ಸಾಲಿನ ಕೆಳಗೆ ಸೇರಿಬಿಡುತ್ತಾರೆ. ಕೊನೆಗೆ ಉಳಿದವರು ಯಾರು, ಔಷಧಿ ಒಗ್ಗಿದವರು. ಅವರನ್ನಷ್ಟೇ ಎಣಿಸಿದರೆ ಔಷಧಿ ಚೆನ್ನಾಗಿಯೇ ಕಾಣುತ್ತದೆ. ಹಿಂದೆಲ್ಲಾ, ಬಿಟ್ಟುಹೋದವರ ಕೊನೆಯ ಅಂಕಿಯನ್ನೇ ಮುಂದಿನ ಭೇಟಿಗಳಿಗೂ ಎಳೆದುಕೊಂಡು ಹೋಗುವ ಪದ್ಧತಿ ತುಂಬಾ ಇತ್ತು. ನವೆಂಬರ್‌ನಲ್ಲಿ ಕೆರೆ ತುಂಬಿತ್ತು ಅಂತ ಮೇ ತಿಂಗಳಲ್ಲೂ ತುಂಬಿದೆ ಅಂತ ಬರೆದ ಹಾಗೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಸಮಿತಿಯೊಂದು 2010ರಲ್ಲಿ ಇದನ್ನು ಕೂಲಂಕಷವಾಗಿ ನೋಡಿ, ಹಾಗೆ ಸುಲಭಕ್ಕೆ ತುಂಬಿಸಬೇಡಿ, ಮೊದಲು ಖಾಲಿ ಬೀಳದ ಹಾಗೆ ನೋಡಿಕೊಳ್ಳಿ ಅಂತ ಹೇಳಿತು. ಅದು ಆಗಬೇಕಾದರೆ ಭೇಟಿಯ ದಿನಗಳನ್ನು ಗೊತ್ತು ಮಾಡುವವರಿಗೆ ಕಾಫಿ ಕೊಯ್ಲು ಯಾವಾಗ, ಘಾಟಿ ರಸ್ತೆ ಯಾವಾಗ ಬಂದ್ ಆಗುತ್ತದೆ ಅನ್ನುವುದು ಗೊತ್ತಿರಬೇಕು. ಹತ್ತಿರದ ಲ್ಯಾಬ್‌ನಲ್ಲೇ ರಕ್ತ ಕೊಡುವ ಹಾಗೆ, ಅಥವಾ ಒಂದು ಭೇಟಿಯನ್ನಾದರೂ ಫೋನ್‌ನಲ್ಲೇ ಮುಗಿಸುವ ಹಾಗೆ ಮೊದಲೇ ಯೋಜನೆಯಲ್ಲಿ ಬರೆದುಕೊಂಡರೆ ಎಷ್ಟೋ ಜನ ಉಳಿಯುತ್ತಾರೆ. ಇದನ್ನು ನಾನು ಮೀಟಿಂಗ್‌ಗಳಲ್ಲಿ ಹೇಳುತ್ತಲೇ ಇರುತ್ತೇನೆ.

ಖಾಲಿ ಬೀಳಬಾರದು ಅಂತ ಹೇಗೋ ತುಂಬಿಸಿದರೆ ಅದು ಇನ್ನೂ ಕೆಟ್ಟದ್ದು. 2002ರಲ್ಲಿ ಬಿಎಂಜೆಯಲ್ಲಿ ಬಂದ ಒಂದು ಅಧ್ಯಯನ ನಮ್ಮ ಕೆಲಸದವರಿಗೆಲ್ಲಾ ಗೊತ್ತು. ದೀರ್ಘಕಾಲದ ನೋವಿದ್ದ 80 ಜನ, ಅರ್ಧ ಜನಕ್ಕೆ ಕಾಗದದ ಡೈರಿ, ಅರ್ಧ ಜನಕ್ಕೆ ಎಲೆಕ್ಟ್ರಾನಿಕ್ ಡೈರಿ. ದಿನಕ್ಕೆ ಮೂರು ಸಲ ನೋವು ಎಷ್ಟಿದೆ ಅಂತ ಬರೆಯಬೇಕು. ಕಾಗದದ ಡೈರಿ ಯಾವಾಗ ತೆರೆದರು ಅಂತ ತಿಳಿಯೋಕೆ ಅದರೊಳಗೆ ಬೆಳಕು ಗುರುತಿಸುವ ಸಾಧನ ಇಟ್ಟಿದ್ದರು. ಕಾಗದದಲ್ಲಿ ನೋಡಿದರೆ 90% ಸರಿಯಾದ ಹೊತ್ತಿಗೆ ಬರೆದ ಹಾಗಿತ್ತು, ನಿಜವಾಗಿ ಹೊತ್ತಿಗೆ ಸರಿಯಾಗಿ ಬರೆದಿದ್ದು 11%. ಡೈರಿಯನ್ನೇ ತೆರೆಯದ ದಿನಗಳಿಗೂ ನೋವಿನ ಅಂಕಿ ತುಂಬಿತ್ತು. ರೋಗಿಗಳನ್ನು ಬೈದು ಪ್ರಯೋಜನ ಇಲ್ಲ. ನೋವಲ್ಲಿರುವವರಿಗೆ ದಿನಕ್ಕೆ ಮೂರು ಸಲ ಪೆನ್ನು ಹಿಡಿಯಿರಿ ಅನ್ನುವುದೇ ಜಾಸ್ತಿ ಆಯಿತು. ಒಂದೇ ಪೆನ್ನು, ಒಂದೇ ಕೈಬರಹ, ಎರಡು ವಾರ ಪೂರ್ತಿ ಪ್ರತಿದಿನ ನೋವು "5" ಅಂತ ಇದ್ದರೆ ಅದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತುಂಬಿದ್ದು ಅಂತ ಮೊದಲು ಅನುಮಾನ ಪಡುತ್ತೇವೆ.

ಹಾಗಾದರೆ ಏನು ಮಾಡಬೇಕು? ಕಡಿಮೆ ಕೇಳಬೇಕು, ಕೇಳಿದ್ದನ್ನು ಪೂರ್ತಿ ಪಡೆಯಬೇಕು. ಬ್ರಿಟನ್ನಿನ ರಿಕವರಿ ಟ್ರಯಲ್ ಇದನ್ನು ಮಾಡಿ ತೋರಿಸಿತು. 2020ರ ಮಾರ್ಚ್‌ನಲ್ಲಿ, ಕೋವಿಡ್ ವಾರ್ಡ್‌ಗಳು ತುಂಬಿ ಡಾಕ್ಟರ್‌ಗಳಿಗೆ ಊಟಕ್ಕೂ ಸಮಯ ಇಲ್ಲದಾಗ ಶುರುವಾದ ಟ್ರಯಲ್ ಅದು. ಸೇರಿಸಿಕೊಳ್ಳುವಾಗ ಒಂದು ಚಿಕ್ಕ ಫಾರಂ, ಆಮೇಲೆ ರೋಗಿ ಮನೆಗೆ ಹೋದಾಗ, ತೀರಿಕೊಂಡಾಗ, ಇಲ್ಲಾ 28 ದಿನಕ್ಕೆ ಇನ್ನೊಂದು. ಮಿಕ್ಕಿದ್ದನ್ನು ದೇಶದ ಆರೋಗ್ಯ ದಾಖಲೆಗಳಿಂದಲೇ ತಗೊಂಡರು. ಜೂನ್ 16ಕ್ಕೆ ಉತ್ತರ ಸಿಕ್ಕಿತು. ಡೆಕ್ಸಾಮೆಥಾಸೋನ್ ಅನ್ನುವ, ಯಾವ ಮೆಡಿಕಲ್ ಶಾಪ್‌ನಲ್ಲೂ ಸಿಗುವ ಅಗ್ಗದ ಔಷಧಿ ದಿನಕ್ಕೆ 6 ಮಿಲಿಗ್ರಾಂ ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರ ಸಾವು ಮೂರರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ, ಬರೀ ಆಕ್ಸಿಜನ್ ಮೇಲಿದ್ದವರದು ಐದರಲ್ಲಿ ಒಂದು ಪಾಲು. ಆಕ್ಸಿಜನ್ ಬೇಕಿಲ್ಲದವರಿಗೆ ಉಪಯೋಗ ಇಲ್ಲ. ಈ ಕೊನೆಯ ಮಾತು ಗಮನಿಸಿ. ಪ್ರತಿ ರೋಗಿ ಆಕ್ಸಿಜನ್ ಮೇಲಿದ್ದರೋ ಇಲ್ಲವೋ ಅನ್ನುವ ಒಂದು ಕಾಲಂ ಭರ್ತಿ ಆಗಿದ್ದರಿಂದಲೇ ಇದು ಗೊತ್ತಾಗಿದ್ದು. ಅದೇ ಜೂನ್ ತಿಂಗಳ ಕೊನೆಗೆ ನಮ್ಮ ಕೇಂದ್ರ ಆರೋಗ್ಯ ಇಲಾಖೆಯ ಚಿಕಿತ್ಸಾ ಸೂಚಿಯಲ್ಲೂ ಅದು ಸೇರಿತು.

ನಮ್ಮ ದೇಶದವರೂ ಕಮ್ಮಿ ಇಲ್ಲ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದೇ ವರ್ಷ 39 ಆಸ್ಪತ್ರೆಗಳಲ್ಲಿ 464 ಕೋವಿಡ್ ರೋಗಿಗಳ ಮೇಲೆ, ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾ ಕೊಡುವ ಚಿಕಿತ್ಸೆಯನ್ನು ಪರೀಕ್ಷಿಸಿತು, ಉಪಯೋಗ ಇಲ್ಲ ಅಂತ ಅಕ್ಟೋಬರ್‌ನಲ್ಲೇ ಪ್ರಕಟಿಸಿತು. ಆದರೂ 2021ರ ಏಪ್ರಿಲ್, ಮೇನಲ್ಲಿ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪ್ಲಾಸ್ಮಾ ಬೇಕು, ಪ್ಲಾಸ್ಮಾ ಬೇಕು ಅಂತ ಬಂದ ಮೆಸೇಜ್‌ಗಳು ನಿಮಗೂ ನೆನಪಿರಬಹುದು. ಸರ್ಕಾರಿ ಸೂಚಿಯಿಂದ ಅದನ್ನು ತೆಗೆದಿದ್ದು ಮೇ 17ಕ್ಕೆ. ಉತ್ತರ ಕೈಯಲ್ಲಿದ್ದು ಅಷ್ಟು ಜನ ಅಲೆದಾಡಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇನ್ನು ನಮ್ಮ ಜಿಲ್ಲೆಯ ವಿಷಯ. 2025ರ ಮೇ ಕೊನೆಯಿಂದ ಜೂನ್‌ವರೆಗೆ, ಸುಮಾರು 40 ದಿನದಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿ ಆಯಿತಲ್ಲ. ಚಿಕ್ಕ ವಯಸ್ಸಿನವರೂ ಇದ್ದರು. ಟಿವಿ ಹಾಕಿದರೆ ಅದೇ. ಎದೆ ಸ್ವಲ್ಪ ಉರಿದರೂ ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಓಡಿದರು, ಬೆಳಗಿನ ಜಾವದಿಂದಲೇ ಕ್ಯೂ. ಕೋವಿಡ್ ಲಸಿಕೆಯಿಂದಲೇ ಅಂತ ಒಂದು ಕಡೆ, ಇಲ್ಲ ಅಂತ ಇನ್ನೊಂದು ಕಡೆ. ಸರ್ಕಾರ ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು, ಅಸಹಜವಾದ ಏರಿಕೆ ಕಾಣುತ್ತಿಲ್ಲ ಅಂತ. ಆದರೆ ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಸತ್ತವರಲ್ಲಿ ಎಷ್ಟೋ ಜನಕ್ಕೆ ಪೋಸ್ಟ್‌ಮಾರ್ಟಂ ಆಗಿರಲಿಲ್ಲ. ಇಸಿಜಿ ಇರಲಿಲ್ಲ. ಮನೆಯಲ್ಲಿ ಕುಸಿದು ಬಿದ್ದರು, ಆಸ್ಪತ್ರೆಗೆ ತರುವಷ್ಟರಲ್ಲಿ ಹೋಗಿತ್ತು, ಅಷ್ಟೇ ಗೊತ್ತಿದ್ದದ್ದು. ಏರಿಕೆ ಇದೆಯೋ ಇಲ್ಲವೋ ಅಂತ ಹೇಳೋಕೆ ಹಿಂದಿನ ವರ್ಷಗಳ ಲೆಕ್ಕ ಬೇಕು, ಅದೂ ಮನೆಯಲ್ಲೇ ಸತ್ತವರದು ಎಲ್ಲಿ ಸಿಗುತ್ತದೆ? ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಪೋಸ್ಟ್‌ಮಾರ್ಟಂ ಮಾಡಿಸಬೇಕು ಅಂತ ಆರೋಗ್ಯ ಸಚಿವರೂ ಹೇಳಿದರು. ಸರಿಯಾದ ಮಾತು. ಮನೆಯವರಿಗೆ ಅದು ಎಷ್ಟು ಕಷ್ಟ ಅನ್ನುವುದೂ ಗೊತ್ತು. ಹೆಣ ಕೊಯ್ಯಿಸೋಕೆ ಯಾರಿಗೆ ಮನಸ್ಸು ಬರುತ್ತದೆ? ಆದರೂ ಆ ಒಂದು ಕಾಲಂ ಖಾಲಿ ಇದ್ದಿದ್ದಕ್ಕೆ ಇಡೀ ಜಿಲ್ಲೆ ಎರಡು ತಿಂಗಳು ಹೆದರಿಕೆಯಲ್ಲಿ ಬದುಕಿತು.

ಟ್ರಯಲ್‌ನಲ್ಲಿ ಇರುವವರು ಹೀಗೆ ಊರಲ್ಲಿ ತೀರಿಕೊಂಡರೆ ಇನ್ನೂ ಬಿಗಿ. ಇಂಥ ಗಂಭೀರ ಘಟನೆ ಗೊತ್ತಾದ 24 ಗಂಟೆಯೊಳಗೆ ಟ್ರಯಲ್ ಡಾಕ್ಟರ್ ಮೇಲಿನವರಿಗೆ ತಿಳಿಸಬೇಕು ಅಂತ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಸಾವು ಟ್ರಯಲ್‌ನಿಂದ ಆಗಿದ್ದರೆ ಮನೆಯವರಿಗೆ ಪರಿಹಾರ ಕೊಡಬೇಕು. ಆದರೆ ಮನೆಯವರು ತಿಥಿ ಎಲ್ಲಾ ಮುಗಿಸಿ ತಿಂಗಳಾದ ಮೇಲೆ ಫೋನ್ ಎತ್ತಿ "ಅವರು ಹೋಗ್ಬಿಟ್ರು" ಅಂದರೆ, ಯಾಕೆ ಹೋದರು ಅಂತ ಹೇಳುವ ಒಂದು ಚೀಟಿಯೂ ಇಲ್ಲದಿದ್ದರೆ, ಪರಿಹಾರದ ಮಾತೂ ಕಷ್ಟ, ಅದೇ ಔಷಧಿ ತಗೊಳ್ಳುತ್ತಿರುವ ಬೇರೆಯವರಿಗೆ ಎಚ್ಚರಿಕೆ ಕೊಡುವುದೂ ಕಷ್ಟ.

ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯವರಿಗೆ ಒಂದು ಮಾತು. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದರು, ಈಗ ನಮ್ಮ ಮಲೆನಾಡಿನ ತಾಲ್ಲೂಕುಗಳಲ್ಲೂ ಪ್ರತಿ ಬೇಸಿಗೆ ಅದರ ಭಯ. ಹಳೆಯ ಲಸಿಕೆ ಸರಿಯಾಗಿ ಕಾಪಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಐಸಿಎಂಆರ್ ಕಡೆಯಿಂದ ಕೆಲಸ ನಡೆಯುತ್ತಿದೆ. ಅಂಥ ಲಸಿಕೆಯ ಪರೀಕ್ಷೆ ಮುಂದೆ ನಮ್ಮ ಊರುಗಳಿಗೆ ಬಂದರೆ, ಆಮೇಲೆ ಬರುವ ಒಂದೊಂದು ಜ್ವರವೂ ಲೆಕ್ಕಕ್ಕೆ ಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡವರು ಜ್ವರ ಬಂದಾಗ ಪೇಟೆಯ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಸುಮ್ಮನಾದರೆ, ಆ ಜ್ವರ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮಾಮೂಲಿ ಶೀತವೋ ಲಸಿಕೆ ಸೋತಿದ್ದೋ, ರಕ್ತ ಪರೀಕ್ಷೆ ಆದರೆ ತಾನೇ ತಿಳಿಯೋದು?

ನಿಮ್ಮ ಮನೆಯಲ್ಲಿ ಯಾರಾದರೂ ಟ್ರಯಲ್‌ಗೆ ಸೇರಿದ್ದರೆ, ಸಹಿ ಮಾಡಿದ ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ನಿಮಗೆ ಅರ್ಥ ಆಗುವ ಭಾಷೆಯಲ್ಲಿ, ಅಂದರೆ ನಮಗೆ ಕನ್ನಡದಲ್ಲಿ. ಕೊಡದಿದ್ದರೆ ಕೇಳಿ ಇಸ್ಕೊಳ್ಳಿ. ಅದರಲ್ಲಿ ಟ್ರಯಲ್ ಡಾಕ್ಟರ್ ನಂಬರ್, ಟ್ರಯಲ್‌ಗೆ ಸೇರಿದವರ ಹಿತ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ನಂಬರ್ ಇರುತ್ತದೆ. ಎರಡನ್ನೂ ಮನೆಯ ಇನ್ನೊಬ್ಬರ ಫೋನ್‌ನಲ್ಲೂ ಸೇವ್ ಮಾಡಿಡಿ. ರಾತ್ರಿ ಹಾಸನದಲ್ಲೋ ಸಕಲೇಶಪುರದಲ್ಲೋ ಯಾವ ಆಸ್ಪತ್ರೆಗೆ ಸೇರಿಸಿದರೂ, ಅಲ್ಲಿಯ ಡಾಕ್ಟರಿಗೆ "ಇವರು ಒಂದು ಔಷಧಿ ಪರೀಕ್ಷೆಯಲ್ಲಿದ್ದಾರೆ" ಅಂತ ಮೊದಲೇ ಹೇಳಿ, ಡಿಸ್‌ಚಾರ್ಜ್ ಕಾಗದ ಬಿಸಾಡಬೇಡಿ. ಮಾತ್ರೆ ತಪ್ಪಿದ್ದರೆ ತಪ್ಪಿದೆ ಅನ್ನಿ, ಯಾರೂ ಬೈಯುವುದಿಲ್ಲ, ಬೈದರೆ ಅದು ಅವರ ತಪ್ಪು. ಮಾತ್ರೆ ಮುಗಿದ ಖಾಲಿ ಹಾಳೆ, ಉಳಿದ ಮಾತ್ರೆ ಎಲ್ಲಾ ವಾಪಸ್ ಕೊಡಿ, ಅವರು ಎಣಿಸಿಕೊಳ್ಳುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ತಂದಿದ್ದು, ಪಕ್ಕದ ಮನೆಯವರು ಕೊಟ್ಟಿದ್ದು, ಅಜ್ಜಿ ಕಾಯಿಸಿಕೊಟ್ಟಿದ್ದು, ಎಲ್ಲಾ ಹೇಳಿ.

ಬೇಡ ಅನ್ನಿಸಿದರೆ ಬಿಡಬಹುದು. ಯಾವಾಗ ಬೇಕಾದರೂ, ಕಾರಣ ಹೇಳದೆಯೂ. ಬಿಟ್ಟರು ಅಂತ ನಿಮ್ಮ ಮಾಮೂಲಿ ಚಿಕಿತ್ಸೆಯನ್ನು ಯಾರೂ ನಿಲ್ಲಿಸುವ ಹಾಗಿಲ್ಲ. ಮಾತ್ರೆ ಬಿಟ್ಟ ಮೇಲೂ ಫೋನ್‌ನಲ್ಲಿ ಮಾತಾಡೋಕೆ ಒಪ್ಪಿಗೆ ಇದ್ದರೆ ಅದನ್ನು ಬೇರೆಯಾಗಿ ಹೇಳಬಹುದು, ಎಷ್ಟೋ ಟ್ರಯಲ್‌ಗಳಲ್ಲಿ ಅದಕ್ಕೆ ಅವಕಾಶ ಇದೆ. ಕೋಆರ್ಡಿನೇಟರ್ ಫೋನ್ ಮಾಡಿದಾಗ ನೀವು ತೋಟದಲ್ಲಿದ್ದರೆ, ನೆಟ್‌ವರ್ಕ್ ಸಿಗುವ ಕಡೆ ಬಂದಾಗ ಒಂದು ಮಿಸ್ಡ್ ಕಾಲ್ ಕೊಡಿ, ಅವರೇ ವಾಪಸ್ ಮಾಡುತ್ತಾರೆ. ಯಾಕೆ ಬಿಟ್ಟಿರಿ, ಈಗ ಹೇಗಿದ್ದೀರಿ, ಈ ಎರಡು ಪ್ರಶ್ನೆಗೆ ಉತ್ತರ ಹೇಳಿದರೆ ಸಾಕು.